ಎರಡು ಬಾಗಿಲಿನ ಪರವಾ

ಸಜ್ಜಿ ರೊಟ್ಟಿ ಬಡಿದು, ಮೇಲೆ ಎಳ್ಳು ಒತ್ತಿ, ಹಂಚಿಗೆ ಹಾಕಿ ನೀರು ಸವರುವಷ್ಟರಲ್ಲಿ ಸೊಸೆ ನಂದಾ ಪಡಸಾಲೆಯಿಂದ ಕೂಗಿದಳು.

“ಅತ್ತಿ, ಅಂವಾ ಮತ್ತ ಪರವಾ ಅಂದಾನ್ರಿ!”

“ಯಾವ ಪರವಾ?” ಎಂದೆ, ರೊಟ್ಟಿ ಮಗುಚುತ್ತ.

ಅಂವಾ ಎಂದರೆ ನಮ್ಮ ವೆಬ್‌ಸೈಟ್ ಮಾಡಿಕೊಟ್ಟ ಪ್ರೋಗ್ರಾಮರ್. ಮಹಾರಾಷ್ಟ್ರದ ಗಡಿಯೊಳಗಿನ ಕರಜಗಿಯ ನಮ್ಮ ಮನೆಯಿಂದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಪುಣೆ ಮುಂಬಯಿಗೆ ಹೋಗುತ್ತವೆ. ಆನ್‌ಲೈನ್ ಅಂಗಡಿ ನಂದಾಳದು. ರೊಟ್ಟಿ ನನ್ನದು, ನನ್ನ ಜೊತೆ ಬಡಿಯುವ ನಾಲ್ವರು ಹೆಂಗಸರದು. ದಸರೆಯ ಹೊತ್ತಿಗೆ ಆ ಅಂಗಡಿ ಕೆಟ್ಟು ನಿಂತಿತು. ತೆರೆದರೆ ಬರೀ ಬಿಳಿ ಹಾಳೆ. ಹಳೆ ಗಿರಾಕಿಗಳಿಗೆಂದು ನಾನು ಬರೆದ ಪತ್ರವೂ ಅಂದಿನಿಂದ ನಂದಾಳ ಫೋನಿನಲ್ಲೇ ಕೂತಿತ್ತು. ಮುಚ್ಚಿದ ಅಂಗಡಿಗೆ ಯಾರನ್ನು ಕರೆಯುವುದು? ಇತ್ತ ಸಂಕ್ರಾಂತಿಯ ಮುನ್ನಾದಿನದ ಭೋಗಿ ಹಬ್ಬ ಹತ್ತಿರ ಬಂದಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಅದೇ ಸುಗ್ಗಿ. ಅಷ್ಟರೊಳಗೆ ಬಾಗಿಲು ತೆರೆಯದಿದ್ದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಹೆಂಗಸರು ಬೇರೆ ಕೂಲಿ ನೋಡಿಕೊಳ್ಳುತ್ತಾರೆ.

ನಂದಾ ಬಂದು ಹೊಸ್ತಿಲ ಮೇಲೆ ಕೂತಳು. “ಹೋದ ವಾರ ಪರವಾ ಮಾಡತೇನಿ ಅಂದಿದ್ದ. ಇವತ್ತ ಕೇಳಿದರ ಪರವಾನ ಮಾಡೇನಲ್ಲ ಅಂತಾನ. ಏನೂ ಆಗಿಲ್ರಿ.”

ಮರಾಠಿಯ ಪರವಾ ಹಾಗೆಯೇ. ಮೊನ್ನೆಯೂ ಅದೇ, ನಾಡಿದ್ದೂ ಅದೇ. ಕನ್ನಡದಲ್ಲಿ ನಮಗೆ ಎರಡು ಮಾತಿವೆ, ಆದರೆ ವ್ಯಾಪಾರದ ಮಾತೆಲ್ಲ ಮರಾಠಿ. ಬಾಯಿಗೆ ಅದೇ ಬರುತ್ತದೆ.

“ಅವನ ಪರವಾ ಎರಡ ಬಾಗಿಲಿನ ಮನಿ ನೋಡವಾ,” ಎಂದೆ. “ನಾವು ಮುಂದಿನ ಬಾಗಿಲಾಗ ಕಾಯ್ಕೋತ ಕುಂದರೂದು, ಅಂವಾ ಹಿತ್ತಲ ಬಾಗಿಲಿಂದ ಹೊಂಟಹೋಗೂದು.”

ಅವಳಿಗೆ ನಗು ಬರಲಿಲ್ಲ. “ಬ್ಯಾರೆಯವರನ್ನ ಹುಡುಕಬೇಕಂದ್ರ ಯಾರನ್ನ ನಂಬೂದ್ರಿ? ಫೋನಿನ್ಯಾಗ ಎಲ್ಲಾರೂ ಚಲೋನ ಮಾತಾಡ್ತಾರ.”

“ರೊಟ್ಟಿ ಬಡಿಯಾಕ ಹೊಸಾ ಹೆಣಮಗಳು ಬಂದ್ರ ಮಾತ ಕೇಳ್ತೀವೇನ? ಒಂದ ಮುದ್ದಿ ಹಿಟ್ಟ ಕೊಟ್ಟ ನೋಡ್ತೀವಿ. ಇವರಿಗೂ ಒಂದ ಮುದ್ದಿ ಕೊಡು. ಅದಕ್ಕ ಪಗಾರಾನೂ ಕೊಡು. ಪುಕ್ಕಟೆ ಕೆಲಸದಾಗ ಯಾರದೂ ಗುಣಾ ತಿಳಿಯೂದಿಲ್ಲ.”

ಇಬ್ಬರ ಹೆಸರು ಸಿಕ್ಕವು. ಒಬ್ಬ ಸಾಂಗಲಿಯ ತಾನಾಜಿ. ಇನ್ನೊಬ್ಬಳು ದರಿಬಡಚಿಯ ಸ್ವಪ್ನಾಲಿ. ಮನೆಯಲ್ಲೇ ಕೂತು ನಾಲ್ಕಾರು ಜನರ ಕೆಲಸ ಮಾಡುವವಳು. ಬೆಳುಂಕಿಯಲ್ಲಿ ಕಂಬಳಿ ಮಾರುವ ಅಮೋಗಸಿದ್ದನ ವೆಬ್‌ಸೈಟ್ ಅವಳದೇ ಎಂದು ಕೇಳಿ ನಾನೇ ಅವನಿಗೆ ಫೋನ್ ಮಾಡಿದೆ.

“ಕೆಲಸ ಮುಗದ ಮ್ಯಾಲೂ ಫೋನ್ ಎತ್ತತಾಳೇನಪಾ?”

“ಎತ್ತತಾಳ ಆಯಿ. ಬೈಯಾಕ ಮಾಡಿದ್ರೂ ಎತ್ತತಾಳ,” ಎಂದ.

ಅಂಗಡಿಯ ಮೊದಲ ಪುಟ ಸರಿ ಮಾಡಿ ಅಲ್ಲಿ ಒಂದು ಸಾಲು ಹಾಕುವುದು, ಇದೇ ನಾವು ಕೊಟ್ಟ ಮುದ್ದೆ. ಸಾಲು ನಾನೇ ಮರಾಠಿಯಲ್ಲಿ ಬರೆದುಕೊಟ್ಟೆ: ‘ತಾಜಿ ಭಾಕರಿ, ಪರವಾ.’ ಆರ್ಡರ್ ಹಾಕಿದರೆ ನಾಡಿದ್ದು ತಾಜಾ ರೊಟ್ಟಿ ಹೊರಡುತ್ತದೆ ಎಂಬುದು ನನ್ನ ಲೆಕ್ಕ.

ತಾನಾಜಿ ಸಂಜೆಯೊಳಗೆ ಮಾಡಿ ಕಳಿಸಿದ. ಎಳ್ಳಿನ ಚಿತ್ರ, ಚಂದದ ಬಣ್ಣ, ನಡುವೆ ನನ್ನ ಸಾಲು. “ನೋಡ್ರಿ ಅತ್ತಿ, ಎಷ್ಟ ಲಗೂನ!” ಎಂದು ನಂದಾ ಹಿಗ್ಗಿದಳು.

ಸ್ವಪ್ನಾಲಿ ಏನೂ ಕಳಿಸಲಿಲ್ಲ. ಫೋನ್ ಮಾಡಿದಳು.

“ಆಯಿ, ನಿಮ್ಮ ಪರವಾ ಹಿಂದಿಂದೋ, ಮುಂದಿಂದೋ?”

“ಅಂದ್ರ?”

“ತಾಜಿ ಭಾಕರಿ ಅಂತೀರಿ, ಮುಂದ ಪರವಾ ಅಂತೀರಿ. ಗಿರಾಕಿ ಮೊನ್ನಿ ಬಡದಿದ್ದ ರೊಟ್ಟಿ ಅಂತ ಓದ್ಕೊಂಡ್ರ?”

ನಾನು ನಕ್ಕ ನಗೆಗೆ ನಂದಾ ಒಳಗಿಂದ ಓಡಿ ಬಂದಳು. ಆ ಪ್ರೋಗ್ರಾಮರನನ್ನು ಆಡಿಕೊಂಡ ನನ್ನ ಬಾಯಿಯೇ ಎರಡು ಬಾಗಿಲಿನ ಮನೆ ಕಟ್ಟಿಟ್ಟಿತ್ತು!

“ಹಂಗಾರ ಏನ ಮಾಡೂದವಾ?”

“ಪರವಾ ತಗದ ತಾರೀಕು ಹಾಕತೇನಿ. ಆರ್ಡರ್ ಬಂದ ದಿನಾ ನೋಡಿ ಅದ ತಾನ ಬದಲಾಗತೈತಿ. ಪೂರಾ ಅಂಗಡಿ ಶುಕ್ರವಾರಕ್ಕ ಆಗತೈತ್ರಿ, ಅದಕ್ಕಿಂತ ಮೊದಲ ಆಗೂದಿಲ್ಲ. ಪಾಸ್‌ವರ್ಡ್ ಎಲ್ಲಾ ನಿಮ್ಮ ಹೆಸರಿಲೇನ ಇರಲಿ. ಮನಿ ನಿಮ್ಮದು, ಕೀಲಿಕೈ ನನ್ನ ಕಡೆ ಯಾಕ?”

ಫೋನ್ ಇಟ್ಟ ಮೇಲೆ ನಂದಾ, “ಶುಕ್ರವಾರ ಅಂದ್ರ ಭಾಳ ತಡಾ ಆತಲ್ರಿ. ತಾನಾಜಿ ನಾಳೇನ ಮಾಡತೇನಿ ಅಂತಾನ,” ಎಂದಳು.

“ಅಂವಾ ನಾ ಹೇಳಿದ್ದು ಮಾಡಿದ. ಇಕಿ ನಾ ಏನ ಹೇಳಾಕ ಹೋಗಿದ್ದೆ ಅಂತ ಕೇಳಿದಳು. ಇಕೀನ ಇರಲಿ.”

ಗುರುವಾರ ಮತ್ತೆ ಅವಳ ಫೋನ್. ಕಾರ್ಡಿನಿಂದ ರೊಕ್ಕ ತುಂಬುವ ವ್ಯವಸ್ಥೆ ಹಬ್ಬದೊಳಗೆ ಆಗುವುದಿಲ್ಲ, ಬ್ಯಾಂಕಿನ ಮಂಜೂರಿ ಬರಬೇಕು. ಅಲ್ಲಿಯವರೆಗೆ ರೊಟ್ಟಿ ಕೈಗೆ ಸಿಕ್ಕ ಮೇಲೆ ಗಿರಾಕಿ ರೊಕ್ಕ ಕೊಡಲಿ ಎಂದಳು. ನಂದಾಳ ಮುಖ ಬಾಡಿತು.

“ಯಾಕ ಮಾರಿ ಸಣ್ಣ ಮಾಡ್ತಿ?” ಎಂದೆ. “ಆಗೂದಿಲ್ಲ ಅಂತ ಮೊದಲ ಹೇಳಾವರು ಸಿಗಲಿ ಅಂತನ ಹುಡುಕ್ತಿದ್ವಿ. ಸಿಕ್ಕಳಲ್ಲ.”

ಶುಕ್ರವಾರ ಮಧ್ಯಾಹ್ನ ಸ್ವಪ್ನಾಲಿ ಹೇಳಿದಂತೆ ನಾವೇ ಮೊದಲ ಆರ್ಡರ್ ಹಾಕಿ ನೋಡಿದೆವು. ಫೋನ್ ಟಿಂಗ್ ಎಂದಿತು. ರೊಟ್ಟಿ ಹೊರಡುವ ತಾರೀಕು ಅಂಕಿಯಲ್ಲಿ ಸ್ಪಷ್ಟವಾಗಿ ಬಂತು. ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇತ್ತ ನೋಡಿದರು.

“ನನ್ನ ಪತ್ರಾ ತಗಿ,” ಎಂದೆ.

ನಂದಾ ತೆರೆದುಕೊಟ್ಟಳು. ರಾತ್ರಿ ಸಾಲೆಯಲ್ಲಿ ಕಲಿತ ಅಕ್ಷರ ನನ್ನವು. ಒಂದೊಂದೇ ಕೂಡಿಸಿ ಓದಿದೆ. ‘ನಮ್ಮ ಅಂಗಡಿ ಪರವಾ ತೆರೆಯುತ್ತದೆ’ ಎಂದಿತ್ತು. ಸೆರಗಿಗೆ ಹಿಟ್ಟಿನ ಬೆರಳು ಒರೆಸಿಕೊಂಡು ಆ ಸಾಲು ಅಳಿಸಿದೆ. ‘ನಮ್ಮ ಅಂಗಡಿ ಇವತ್ತು ತೆರೆದಿದೆ, ಬರ್ರಿ’ ಎಂದು ಬರೆದೆ. ಕಳಿಸುವ ಗುಂಡಿ ಒತ್ತಿದೆ.