ಸೆರಗಿನ ಮೂರು ಗೀಟು

ಓಣಿಯವರೆಲ್ಲ ಸೇರಿ ನೇಯ್ದ ಸೀರೆಗಳ ಗಂಟು ಜರ್ಮನಿಯ ಬಂದರಿನಲ್ಲಿ ಸಿಕ್ಕಿಬಿದ್ದಿದೆ ಎಂಬ ಸುದ್ದಿ ಬಂದಾಗಿನಿಂದ ಗಜೇಂದ್ರಗಡದ ಆ ಓಣಿಯಲ್ಲಿ ಅನ್ನವ್ವನ ಮಗ್ಗವೊಂದೇ ಸದ್ದು ಮಾಡುತ್ತಿತ್ತು. ವ್ಯವಹಾರ ನೋಡಿಕೊಳ್ಳುವ ಮಗಳು ಬನಶ್ರೀ ತಕರಾರಿನ ಪತ್ರವನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ತಕರಾರು ಇದ್ದದ್ದು ಸೆರಗಿನ ಮೂಲೆಯ ಮೂರು ಕಪ್ಪು ಗೀಟುಗಳ ಮೇಲೆ. ಕಾಗೆಯ ಹೆಜ್ಜೆಯಂಥ ಆ ಗೀಟುಗಳನ್ನು ದೃಷ್ಟಿಯಾಗದಿರಲೆಂದು ನೇಯುವುದು ಅನ್ನವ್ವ ಹಾಕಿಕೊಟ್ಟ ರೂಢಿ. ಅಲ್ಲಿಯ ಬಟ್ಟೆ ಕಂಪನಿಯೊಂದರ ಟ್ರೇಡ್‌ಮಾರ್ಕೂ ಹೆಚ್ಚುಕಡಿಮೆ ಅದೇ; ಗಂಟನ್ನು ತಡೆಸಿದ್ದು ಆ ಕಂಪನಿಯೇ.

“ಜರ್ಮನಿ ಬ್ಯಾಡಂದ್ರ ಇಟಲಿಗೆ ಹೊಳ್ಳಸಕ್ಕಾ,” ಎಂದ ತಮ್ಮ ದುರ್ಗೇಶ.

“ಮೊದಲ ದೇಶಕ್ಕೊಂದು ಕಾಯ್ದೆ ಇತ್ತೋ,” ಎಂದಳು ಬನಶ್ರೀ. “ ಈಗ ಎಲ್ಲಾ ಕೂಡಿ ಒಂದ ಅಚ್ಚಿಗೆ ಹೊಯ್ದಾರ. ಒಮ್ಮೆ ನೋಂದಣಿ ಮಾಡಿಸಿದ್ರ ಯುರೋಪ್ ಒಕ್ಕೂಟದ ಎಲ್ಲಾ ದೇಶದಾಗೂ ಗಟ್ಟಿ. ಒಂದ ಕಡೆ ಬಾಗಲಾ ಹಾಕಿದ್ರ ಎಲ್ಲಾ ಕಡೆ ಹಾಕಿದಂಗ.”

“ಅಷ್ಟ ಕೆಮಿಸ್ಟ್ರಿ ಓದೀಯಲ್ಲ, ಗೀಟು ಅಳಸೋ ಔಷಧಾ ಹುಡಕು.”

ಬನಶ್ರೀ ಸೆರಗಿನ ಮೂಲೆಯನ್ನು ಅವನ ಮುಂದೆ ಹಿಡಿದಳು. ಬಣ್ಣ ಅಳಿಸಬಹುದು, ನೇಯ್ದ ಎಳೆಯನ್ನಲ್ಲ.

ಸಂಜೆ ವಿಡಿಯೊ ಕರೆಯಲ್ಲಿ ಅವರ ಪರವಾಗಿ ವಾದಿಸುವ ಜರ್ಮನಿಯ ವಕೀಲೆ ಇಂಗ್ಲಿಷಿನಲ್ಲಿ ಕೇಳಿದಳು: “ಅದು ಬರೀ ಅಲಂಕಾರವೋ, ನಿಮ್ಮ ಸರಕಿನ ಗುರುತೋ? ನೇಯ್ದವರೇ ಹೇಳಲಿ. ಅಲಂಕಾರವಾದರೆ ನಾನು ವಾದಿಸಬಲ್ಲೆ; ಗುರುತಾದರೆ ಕಂಪನಿ ಗೆದ್ದಂತೆ.”

ಬನಶ್ರೀ ಅದನ್ನು ತಾಯಿಗೆ ಹೇಳಿದಳು. ದೃಷ್ಟಿಗೆ ಅಂತ ಹೇಳವ್ವಾ, ದೃಷ್ಟಿಗೆ ಅಂತ ಹೇಳು ಎಂದು ಒಳಗೇ ಬೇಡಿಕೊಂಡಳು.

ಪರದೇಶದವರ ಎದುರು ಅನ್ನವ್ವ ನೆಟ್ಟಗೆ ಕುಳಿತಳು. “ಅದು ನಮ್ಮ ಗುರ್ತರೀ! ರೋಣದಾಗ, ನರಗುಂದದಾಗ ಸೆರಗ ತಿರುವಿ ನೋಡಿ, ಇದು ಅನ್ನವ್ವನ ಸೀರಿ ಅಂತಾರ.”

ಬನಶ್ರೀ ಮಾತು ಬದಲಿಸುವಂತಿರಲಿಲ್ಲ; ಕರೆ ದಾಖಲಾಗುತ್ತಿತ್ತು. ತಾಯಿ ಅಂದದ್ದನ್ನೇ ಇಂಗ್ಲಿಷಿನಲ್ಲಿ ಅಂದಳು.

ವಕೀಲೆ ಕನ್ನಡಕ ತೆಗೆದಳು. “ಹಾಗಾದರೆ ಈ ದೇಶಗಳಿಗೆ ಬರುವ ಬಟ್ಟೆಗೆ ಇನ್ನೆಂದೂ ಅದನ್ನು ನೇಯುವುದಿಲ್ಲವೆಂದು ಬರೆದುಕೊಡಿ. ಗಂಟನ್ನು ವಾಪಸು ಕಳಿಸಲು ಕಂಪನಿಯನ್ನು ಒಪ್ಪಿಸುತ್ತೇನೆ. ಇಲ್ಲವಾದರೆ ಸುಟ್ಟುಬಿಡುತ್ತಾರೆ.”

“ದೃಷ್ಟಿ ತಗಿಯೋ ಅರಿವಿ ಸುಡೂದಾ?” ಮಗಳು ಅದನ್ನು ತಿಳಿಸಿದಾಗ ಅನ್ನವ್ವ ಕೇಳಿದಳು. “ಬ್ಯಾಡವ್ವಾ. ಬರದ ಕೊಡು.”

ಮರುದಿನ ಹೊಸ ಸೀರೆಯ ಮೂಲೆಗೆ ಬಂದಾಗ ಅನ್ನವ್ವನ ಲಾಳಿ ನಿಂತಿತು. ಕಪ್ಪು ನೂಲಿನತ್ತ ಹೋದ ಕೈ ಹಿಂದೆ ಬಂತು. ಗೀಟಿಲ್ಲದೆ ಸೆರಗು ಮುಗಿಸಿ ಎದ್ದಳು. ಕಾಡಿಗೆ ಡಬ್ಬಿ ತಂದು ಮಗಳ ಕಿವಿಯ ಹಿಂದೆ ಮೂರು ಗೀಟು ಎಳೆದಳು.

“ಇಲ್ಲಿಗೆ ಅವರ ಕಾಯ್ದೆ ಬರಂಗಿಲ್ಲಲಾ?”

“ಇಲ್ಲವ್ವಾ,” ಎಂದಳು ಬನಶ್ರೀ.