ಊರಲ್ಲಿಲ್ಲದವನ ಹುಟ್ಟುಹಬ್ಬ

ಸರೋವರದ ದಡದ ಹಿರ್ವಿಸಲ್ಮಿ ಎಂಬ ಊರಿನಲ್ಲಿ ಎಪ್ಪತ್ತೈದು ತುಂಬುವ ಗಂಡಸಿಗೆ ಎರಡೇ ದಾರಿ. ಒಂದು, ಊರಿಗೆಲ್ಲ ಕಾಫಿ ಕಾಯಿಸಿ, ಏಳು ಬಗೆಯ ತಿಂಡಿ ಜೋಡಿಸಿ, ಹೊಗಳಿಕೆಯ ಭಾಷಣಗಳನ್ನು ನಿಂತುಕೊಂಡೇ ಸಹಿಸುವುದು. ಇನ್ನೊಂದು, ‘ಆ ದಿನ ಪ್ರಯಾಣದಲ್ಲಿರುತ್ತೇನೆ’ ಎಂದು ಪತ್ರಿಕೆಯಲ್ಲಿ ಹಾಕಿಸಿ, ಪರದೆ ಎಳೆದು ಮನೆಯಲ್ಲೇ ಕೂತುಬಿಡುವುದು. ಎರಡನೆಯದನ್ನು ಯಾರೂ ನಂಬುವುದಿಲ್ಲ, ಎಲ್ಲರೂ ಗೌರವಿಸುತ್ತಾರೆ.

ಅರ್ಮಾಸ್ ಎರಡನೆಯ ಜಾತಿಯವನು. ಸರೋವರದ ಈ ದಡದಿಂದ ಆ ದಡಕ್ಕೆ ಲಾಂಚ್ ನಡೆಸುತ್ತ ಆಯುಷ್ಯ ಕಳೆದಿದ್ದ. ಮದುವೆ ದಿಬ್ಬಣವನ್ನೂ ಶವಪೆಟ್ಟಿಗೆಯನ್ನೂ ದಾಟಿಸುವಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: “ಹೂಂ.” ಸಂದರ್ಭ ನೋಡಿಕೊಂಡು ಜನ ಅದನ್ನು ಶುಭಾಶಯವೆಂದೋ ಸಂತಾಪವೆಂದೋ ಸ್ವೀಕರಿಸುತ್ತಿದ್ದರು.

ಈ ಸಲ ಮಾತ್ರ ಅವನಿಗೊಂದು ಆಸೆಯಿತ್ತು. ತೀರಿಕೊಂಡ ಹೆಂಡತಿ ಹಿಲ್ಮಾಳ ಹೆಸರಿನಲ್ಲಿ ಒಂದು ನಿಧಿ ಆಗಬೇಕು. ಅದಕ್ಕಾಗಿ, ವಿದ್ವಾಂಸರಿಗೂ ಕಲಾವಿದರಿಗೂ ನೆರವು ಕೊಡುವ ಪ್ರಾಂತ್ಯದ ಪ್ರತಿಷ್ಠಾನಕ್ಕೆ ಬೇಸಿಗೆಯಲ್ಲೇ ಫೋನು ಮಾಡಿದ್ದ. ಅಲ್ಲಿನ ಮಾರ್ಕೆತ್ತ ಎಂಬಾಕೆ ಹೋಟೆಲಿನ ಮಾಣಿ ತಿಂಡಿ ಹೇಳುವಂತೆ ದಾನದ ದಾರಿಗಳನ್ನು ಹೇಳಿದ್ದಳು.

“ಉಯಿಲು ಬರೆದು ಕೊಡಬಹುದು, ಅರ್ಮಾಸ್ ಅವರೇ.”

“ಸದ್ಯಕ್ಕೆ ಸಾಯೋ ಅಂದಾಜಿಲ್ಲ.”

“ಕಾಡು ಇದ್ದರೆ ಕಾಡು ಕೊಡಬಹುದು.”

“ಎರಡು ಭೂರ್ಜದ ಮರ ಇದೆ. ಒಂದು ಒಣಗಿದೆ.”

“ಹಾಗಾದರೆ ಹುಟ್ಟುಹಬ್ಬ? ಹೂವಿನ ಬದಲು ದೇಣಿಗೆ ಕೊಡಿ ಅಂತ ಬಂದವರಿಗೆ ಹೇಳೋದು. ತುಂಬಾ ಜನ ಹಾಗೇ ಮಾಡ್ತಾರೆ.”

‘ಬಂದವರಿಗೆ’ ಎಂಬ ಪದವನ್ನು ಅರ್ಮಾಸ್ ಕೇಳಿಸಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಎರಡು ವಾಕ್ಯ ಹಾಕಿಸಿದ. ಆ ದಿನ ಪ್ರಯಾಣದಲ್ಲಿರುತ್ತೇನೆ. ಹೂವಿನ ಬದಲು ಪ್ರತಿಷ್ಠಾನಕ್ಕೆ ದೇಣಿಗೆ ಕೊಡಿ. ಹಿಲ್ಮಾಳ ಹೆಸರು ಹಾಕಿಸಲಿಲ್ಲ. ಹೆಂಡತಿಯ ಹೆಸರನ್ನು ಹಂದಿಮಾಂಸದ ಜಾಹೀರಾತಿನ ಪಕ್ಕ ಅಚ್ಚು ಹಾಕಿಸಲು ಅವನಿಗೆ ಮನಸ್ಸಾಗಲಿಲ್ಲ.

ಪಕ್ಕದ ಮನೆಯ ತೌನೊ ಅದನ್ನು ಓದಿ ನಕ್ಕಿದ್ದ. “ಬಾಗಿಲು ಹಾಕ್ಕೊಂಡು ಹುಂಡಿ ಇಟ್ಟಂಗಾಯ್ತಲ್ಲೋ! ಕಾಫಿ ಇಲ್ದೆ ಈ ಊರಿನ ಜನ ದೇವರಿಗೂ ದುಡ್ಡು ಹಾಕಲ್ಲ.”

ತೌನೊ ಹೇಳಿದಂತೆಯೇ ಆಯಿತು. ಹುಟ್ಟುಹಬ್ಬದ ಮುನ್ನಾದಿನ ಮಾರ್ಕೆತ್ತ ಫೋನು ಮಾಡಿದಳು. ಬಂದದ್ದು ತೀರ ಕಡಿಮೆ. ಹೀಗೇ ಆದರೆ ಅದು ಸಾಮಾನ್ಯ ನಿಧಿಗೆ ಸೇರುತ್ತದೆ; ಬೇರೆ ಹೆಸರಿಡುವಂತಿಲ್ಲ. ಕ್ಷಮಿಸಬೇಕು.

“ಹೂಂ” ಎಂದ ಅರ್ಮಾಸ್. ಈ ಸಲದ್ದು ಸಂತಾಪ.

ಹುಟ್ಟುಹಬ್ಬ ಶನಿವಾರ ಬಿದ್ದಿತ್ತು. ಕಾರನ್ನು ತೌನೊನ ಕೊಟ್ಟಿಗೆಯ ಹಿಂದೆ ಅಡಗಿಸಿ, ಪರದೆ ಎಳೆದು, ಅರ್ಮಾಸ್ ತನ್ನ ಮನೆಯಲ್ಲೇ ಕಳ್ಳಹೆಜ್ಜೆ ಹಾಕುತ್ತ ಓಡಾಡಿದ. ಸಂಜೆಯಾಗುತ್ತಲೇ ಮೈ ಕಡಿಯತೊಡಗಿತು. ಹುಟ್ಟಿದಾಗಿನಿಂದ ಯಾವ ಶನಿವಾರವೂ ಅವನು ಅಂಗಳದ ಸೌನಾದ ಹಬೆಸ್ನಾನ ತಪ್ಪಿಸಿದವನಲ್ಲ. ಹಿಲ್ಮಾ ತೀರಿಕೊಂಡ ವಾರವೂ ಒಲೆ ಹೊತ್ತಿಸಿ, ಬಿಸಿ ಕಲ್ಲಿಗೆ ನೀರೆರಚಿ, ಆ ಹಬೆಯಲ್ಲೇ ಕೂತು ಅತ್ತಿದ್ದ. ಒಣಗಿದ ಸೌದೆಗೆ ಎಷ್ಟು ಹೊಗೆ ಬಂದೀತು ಎಂದುಕೊಂಡು ಒಲೆ ಹೊತ್ತಿಸಿದ.

ಸೆಪ್ಟೆಂಬರಿನ ಗಾಳಿಯಿಲ್ಲದ ಸಂಜೆ. ಹೊಗೆ ಧ್ವಜಸ್ತಂಭದಂತೆ ನೆಟ್ಟಗೆ ಮೇಲೆದ್ದಿತು.

ಅವನು ಮೈತುಂಬ ಬೆವರು ಸುರಿಸುತ್ತ ಮೇಲಿನ ಹಲಗೆಯ ಮೇಲೆ ಕೂತಿದ್ದಾಗ ಹೊರಗೆ ಗದ್ದಲ ಕೇಳಿಸಿತು. ಟವೆಲು ಸುತ್ತಿಕೊಂಡು ಬಾಗಿಲು ತೆರೆದ. ಅಂಗಳದ ತುಂಬ ಜನ! ಆಚೆ ದಡದವರು ಲಾಂಚ್ ತುಂಬಿಕೊಂಡು ಬಂದಿದ್ದರು. ಮುಂದೆ ನಿಂತವಳು ಹಿಲ್ಮಾಳ ತಂಗಿ ಸೈಮಿ. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಕೇಕು.

“ಭಾವ ಊರಲ್ಲಿಲ್ಲ, ಮನೆಗೆ ಕಳ್ಳರು ನುಗ್ಗಿರಬೇಕು ಅಂತ ನೋಡೋಕೆ ಬಂದ್ವಿ” ಎಂದಳು ಸೈಮಿ, ಮುಖ ಗಂಭೀರ ಮಾಡಿಕೊಂಡು.

“ಅಚ್ಚುಕಟ್ಟಾದ ಕಳ್ಳ” ಎಂದ ತೌನೊ. “ಕದಿಯೋಕೆ ಮುಂಚೆ ಸ್ನಾನ ಮಾಡ್ತಾವ್ನೆ.”

“ಕಳ್ಳನಿಗೆ ಕೇಕು ತಂದ್ರಾ?” ಎಂದ ಅರ್ಮಾಸ್.

“ಬರಿಗೈಲಿ ಹೋಗೋದು ಚೆನ್ನಾಗಿರುತ್ತಾ, ಭಾವ?”

ಕೇಕಿನ ಮೇಲಿನ ಸಕ್ಕರೆಯಲ್ಲಿ ಎಪ್ಪತ್ತೈದು ಎಂದು ಬರೆದಿತ್ತು. ವಾರದಿಂದ ಊರೆಲ್ಲ ಬೇಯಿಸಿಟ್ಟುಕೊಂಡು ಒಂದು ನೆವಕ್ಕಾಗಿ ಕಾದಿತ್ತೆಂಬುದು ಅವನಿಗೆ ಆಗ ಹೊಳೆಯಿತು.

ಕಾಫಿ ಸುರಿಯುತ್ತ ಸೈಮಿ ನೇರ ವಿಷಯಕ್ಕೆ ಬಂದಳು. “ಒಂದು ಮಾತು, ಭಾವ. ಆ ಪ್ರತಿಷ್ಠಾನಕ್ಕೆ ನಾನಂತೂ ಏನೂ ಹಾಕಿಲ್ಲ. ವಿದ್ವಾಂಸರು, ಕಲಾವಿದರು... ಪಟ್ಟಣದ ಕೋಟಿನವರಿಗೆ ಊಟ ಹಾಕೋಕೆ ನಾವ್ಯಾಕೆ ಕೊಡ್ಬೇಕು?”

ಜನ ತಲೆಯಾಡಿಸಿದರು. ಎಲ್ಲರೂ ಅವನ ಮುಖವನ್ನೇ ನೋಡಿದರು. ಅರ್ಮಾಸ್ ಸೌನಾದ ಬಾಗಿಲಿನತ್ತ ನೋಡಿದ. ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬಹುದಿತ್ತು. ಆಮೇಲೆ ಹಿಲ್ಮಾಳ ಹೆಸರು ಎಲ್ಲೂ ಇರುವುದಿಲ್ಲ.

ಟವೆಲನ್ನು ಬಿಗಿಮಾಡಿಕೊಂಡ.

“ಹಿಲ್ಮಾ ಒಂದು ಚಳಿಗಾಲ ತುರ್ಕು ಪಟ್ಟಣಕ್ಕೆ ಚಿತ್ರ ಬರೆಯೋದು ಕಲಿಯೋಕೆ ಹೋಗಿದ್ಲು. ಅವರೇ ಕಳಿಸಿದ್ದು. ಆ ಪ್ರತಿಷ್ಠಾನದವರು. ನಾನಿಲ್ಲಿ ವಸಂತದವರೆಗೂ ಸಾಸೇಜು ತಿಂದೆ. ಅವಳು ವಾಪಸು ಬಂದ್ಲು.” ಉಸಿರು ತೆಗೆದುಕೊಂಡ. “ಇನ್ನೊಬ್ಬರಿಗೂ ಒಂದು ಚಳಿಗಾಲ ಸಿಗ್ಲಿ ಅಂತ. ಅವಳ ಹೆಸರಲ್ಲಿ. ಅಷ್ಟೇ.”

ಸೈಮಿಯ ಕೈಯ ಫ್ಲಾಸ್ಕು ಗಾಳಿಯಲ್ಲೇ ನಿಂತಿತು. “ಅವರು ಕಳಿಸಿದ್ದಾ? ನೀವೇ ದುಡ್ಡು ಕೊಟ್ರಿ ಅಂತ ಇಷ್ಟು ವರ್ಷ ನಿಮ್ಮನ್ನ ಹೊಗಳಿಕೊಂಡು ಬಂದಿದೀನಲ್ಲ!”

“ನನ್ನ ಹತ್ರ ಎಲ್ಲಿತ್ತು?”

“ಹೇಳೋಕೇನಾಗಿತ್ತು?”

“ನೀನು ಕೇಳ್ಲಿಲ್ಲ.”

ಆಗ ತೌನೊ ತೊಡೆ ತಟ್ಟಿದ. “ಆ ಕಡವೆ! ಬೇಸಿಗೆ ನಾಟಕದ ಪರದೆ ಮೇಲೆ ಹಿಲ್ಮಾ ಮುಂಚೆ ಬರೀತಿದ್ದ ಕಡವೆಗೆ ನಾವೆಲ್ಲ ಹಸು ಅಂತಿದ್ವಿ. ತುರ್ಕುವಿನಿಂದ ಬಂದ್ಮೇಲೆ ಬರೆದದ್ದನ್ನ ನೋಡಿ ನಮ್ಮ ನಾಯಿ ಬೊಗಳಿದ್ದೇ ಬೊಗಳಿದ್ದು! ನಾಟಕಾನೇ ನಿಂತೋಯ್ತು.”

“ನಾಯಕಿ ಅಳ್ತಾ ಒಳಗೋದ್ಲು” ಎಂದರು ಯಾರೋ.

“ನಾಯಕಿ ನಾನೇ” ಎಂದಳು ಸೈಮಿ. ಫ್ಲಾಸ್ಕು ಕೆಳಗಿಟ್ಟಳು, ಪರ್ಸು ತೆರೆದಳು. ದುಡ್ಡು ಹಾಕಲು ಪಾತ್ರೆ ಕಾಣದೆ, ಸೌನಾದೊಳಗೆ ನುಗ್ಗಿ ನೀರೆರಚುವ ಮರದ ಬಕೆಟ್ಟನ್ನು ಹೊರತಂದು, ನೀರು ಚೆಲ್ಲಿ, ನೋಟು ಹಾಕಿದಳು.

“ಒದ್ದೆಯಾಗ್ತದಲ್ಲೇ” ಎಂದ ತೌನೊ.

“ಒಳಗೆ ಬಿಸಿ ಕಲ್ಲಿಲ್ವಾ, ಒಣಗಿಸಿದ್ರಾಯ್ತು. ನೀನು ಹಾಕು ಮೊದ್ಲು. ನಾಯಿದೂ ಸೇರಿಸಿ ಹಾಕು.”

ಬಕೆಟ್ಟು ಅಂಗಳ ಸುತ್ತಿತು. ಹಾಕಿದವರು ಎರಡನೆಯ ಲೋಟ ಕಾಫಿಗೆ ಕೈ ಚಾಚಿದರು. ಹಾಕದವರು ಹಾಕಿದ ಮೇಲೆ ಚಾಚಿದರು. ಆ ರಾತ್ರಿ ಅರ್ಮಾಸ್ ನೋಟುಗಳನ್ನು ಸೌನಾದ ಹಲಗೆಗಳ ಮೇಲೆ ಸಾಲಾಗಿ ಹರಡಿದ. ಬಿಸಿಗೆ ಅವು ಅಂಚು ಮುರುಟಿಕೊಂಡು ಮಲಗಿದವು.

ಮರುವಾರ ಮಾರ್ಕೆತ್ತ ಫೋನು ಮಾಡಿದಳು. ಅವಳ ದನಿ ಕುಣಿಯುತ್ತಿತ್ತು. “ಸಾಕಾಯ್ತು ಅರ್ಮಾಸ್ ಅವರೇ, ಸಾಕಾಗಿ ಮಿಕ್ಕಿದೆ! ನಿಧಿಗೆ ಹೆಸರೇನಿಡೋಣ?”

“ಹಿಲ್ಮಾಳ ಚಳಿಗಾಲ.”

ಮಾರ್ಕೆತ್ತ ಅದನ್ನು ಬರೆದುಕೊಂಡಳು. “ತುಂಬಾ ಚೆನ್ನಾಗಿದೆ. ವಸಂತದಲ್ಲಿ ಮೊದಲ ನೆರವು ಕೊಡ್ತೀವಿ. ಸಮಾರಂಭಕ್ಕೆ ನೀವು ಬರಲೇಬೇಕು. ನಾಲ್ಕು ಮಾತು ಆಡಿದರೆ ಸಾಕು.”

ಅರ್ಮಾಸ್ ಕಿಟಕಿಯ ಪರದೆಯತ್ತ ಕೈಚಾಚಿದ.

“ಆ ದಿನ ನಾನು ಪ್ರಯಾಣದಲ್ಲಿರ್ತೀನಿ” ಎಂದ.