ಬಾಯಿಬಡುಕ ಡಬ್ಬಿ

ರೆಫಿಕ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಎರಡು ಡಬ್ಬಿ ಇಟ್ಟ. ಒಂದು ಮೀನಿನ ಡಬ್ಬಿ. ಚಿಕ್ಕದು, ಸುತ್ತಲೂ ಬೆಸುಗೆ ಹಾಕಿ ಮುಚ್ಚಿದ್ದು. ಇನ್ನೊಂದು ಯಾವುದೋ ವಿದೇಶಿ ಹಡಗಿನಿಂದ ಇಳಿದ ಬಿಯರ್ ಡಬ್ಬಿ. ಅದರ ಬಾಯಿಗೆ ತಗಡಿನ ಮುಚ್ಚಳ ಸಡಿಲವಾಗಿ ಕೂತಿತ್ತು. ಎರಡರ ಹೊಟ್ಟೆಯಲ್ಲೂ ಟ್ರಾನ್ಸಿಸ್ಟರು, ಸುರುಳಿ ಸುತ್ತಿದ ತಾಮ್ರದ ತಂತಿ. ಆಂಟೆನಾದ ಬುಡಕ್ಕೆ ಕಟ್ಟಿದರೆ ಸಮುದ್ರದಾಚೆ ಇಟಲಿಯಿಂದ ಬರುವ ಬಡಕಲು ಸಿಗ್ನಲನ್ನು ಹಿಗ್ಗಿಸಿ ಟಿ.ವಿ.ಗೆ ಕೊಡುವುದು ಅವುಗಳ ಕೆಲಸ. ದುರ್ರೆಸ್ ಬಂದರಿನಲ್ಲಿ ಡಬ್ಬಿ ಅಂದರೆ ಸಾಕು, ಎಲ್ಲರಿಗೂ ಗೊತ್ತು. ಇಟಲಿಯ ಚಿತ್ರ ನೋಡುವುದಕ್ಕೆ ನಿಷೇಧವಿತ್ತು, ಹಾಗಾಗಿ ಯಾರೂ ಗಟ್ಟಿಯಾಗಿ ಅನ್ನುತ್ತಿರಲಿಲ್ಲ, ಅಷ್ಟೆ.

ವಂಜೆಲ್ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. ಅವನು ಬಂದರಿನ ಕ್ರೇನುಗಳ ಎಲೆಕ್ಟ್ರಿಷಿಯನ್. ಇಂಥದ್ದನ್ನು ತಾನೇ ಮಾಡಿಕೊಳ್ಳಬಹುದಿತ್ತು, ಆದರೆ ಟ್ರಾನ್ಸಿಸ್ಟರು ಸಿಗುವುದು ರೇಡಿಯೋ ರಿಪೇರಿ ಕಾರ್ಖಾನೆಯವರಿಗೆ ಮಾತ್ರ. ರೆಫಿಕ್ ಅಲ್ಲಿಯವನು.

“ಮೀನಿಂದು ಮೆತ್ತಗಿನ ಹುಡುಗ. ಮೋಡ ಬಂದ್ರೆ ಚಿತ್ರ ಮಂಜಾಗ್ತದೆ, ಆದ್ರೆ ಯಾರ ತಂಟೆಗೂ ಹೋಗಲ್ಲ,” ಎಂದ ರೆಫಿಕ್. “ಬಿಯರಿಂದು ಬಾಯಿಬಡುಕ. ಶಕ್ತಿ ಜಾಸ್ತಿ, ಮೈ ಮೇಲೆ ಹಿಡಿತ ಇಲ್ಲ. ಕೇಳಿದ್ದನ್ನ ನಿಂಗೂ ಹೇಳ್ತಾನೆ, ಊರಿಗೂ ಸಾರ್ತಾನೆ. ಅಕ್ಕಪಕ್ಕದ ಟಿ.ವಿ.ಲಿ ಗೆರೆ ಬೀಳಬಹುದು.”

ಗೆರೆ ಬಿದ್ದರೂ ಅದೇ ಚಾನೆಲ್‌ನಲ್ಲಿ ಬೀಳುತ್ತದೆ ಎಂದು ವಂಜೆಲ್ ಲೆಕ್ಕ ಹಾಕಿದ. ಡಬ್ಬಿಯನ್ನು ಹೊಂದಿಸಿದ್ದು ಇಟಲಿಯ ಆ ಒಂದು ಚಾನೆಲ್‌ಗೆ. ರಾಜಧಾನಿ ತಿರಾನಾದ ಸರ್ಕಾರಿ ಚಾನೆಲ್ ನೋಡುವವರಿಗೆ ಏನೂ ಆಗುವುದಿಲ್ಲ. ಇಟಲಿ ನೋಡುವವರು ದೂರು ಕೊಡುವುದಿಲ್ಲ. ಕೊಟ್ಟರೆ ಮೊದಲು ತಾವೇ ಸಿಕ್ಕಿಬೀಳುತ್ತಾರೆ. ಅದೂ ಅಲ್ಲದೆ ಹೆಂಡತಿಯ ತಮ್ಮನ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು. ಹೋದ ಶನಿವಾರ ಮನೆಗೆ ಬಂದು, ಪರದೆಯ ತುಂಬ ಉದುರುವ ಬಿಳಿ ಚುಕ್ಕೆ ನೋಡಿ, ಭಾವ, ನಿಮ್ಮನೆ ಇಟಲೀಲಿ ಬೇಸಿಗೇಲೂ ಹಿಮ ಬೀಳ್ತದಲ್ಲಾ ಎಂದು ನಕ್ಕಿದ್ದ. ವಂಜೆಲ್ ಬಿಯರ್ ಡಬ್ಬಿಯನ್ನು ಜೇಬಿಗಿಳಿಸಿದ.

ಅದು ಎಂಬತ್ನಾಲ್ಕರ ಬೇಸಿಗೆ. ಬಾಲ್ಕನಿಯ ಕಂಬಿಗೆ ಆಂಟೆನಾದ ಕೋಲು ಕಟ್ಟಿತ್ತು. ಸಂಜೆಯಾದರೆ ಅದನ್ನು ಸಮುದ್ರದ ಕಡೆ ತಿರುಗಿಸುವುದು, ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಿರಾನಾದ ಬೆಟ್ಟದ ಕಡೆ ತಿರುಗಿಸಿಡುವುದು. ಹಾಲು ಕಾಯಿಸಿದಷ್ಟೇ ಸಹಜವಾಗಿ ಮಗಳು ವಲ್ಬೋನಾ ಆ ಕೆಲಸ ಮಾಡುತ್ತಿದ್ದಳು. ಡಬ್ಬಿ ಕಟ್ಟಿದ ದಿನ ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಹಾಡುವವಳ ಕಿವಿಯ ಓಲೆ ಕಂಡಿತು. ಹೆಂಡತಿ ಕಲಿಯೋಪಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕೈಯಲ್ಲಿದ್ದ ಹೊಲಿಗೆಯನ್ನು ಮರೆತು ಕೂತಳು.

ಒಂದು ವಾರವೂ ಆಗಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಹೈರಿಯೆ ಎದುರಾದಳು. ಅವಳ ಮನೆ ಇವರ ಮನೆಯ ನೇರ ಮೇಲೆ. ಬಡಾವಣೆಯ ಸಮಿತಿಗೆ ಅಧ್ಯಕ್ಷೆ. ಮುಂದಿನ ಶುಕ್ರವಾರ ಸಮಿತಿ ಸೇರಿ, ಶಾಲೆ ಮುಗಿಸಿದ ಮಕ್ಕಳಲ್ಲಿ ಯಾರು ಯಾವ ಓದಿಗೆ ಯೋಗ್ಯರು ಎಂದು ಅಭಿಪ್ರಾಯ ಹೇಳುವುದಿತ್ತು. ವಲ್ಬೋನಾಳ ಅಂಕಗಳು ಚೆನ್ನಾಗಿದ್ದವು. ಅವಳು ವೈದ್ಯಕೀಯ ಕೇಳಿದ್ದಳು. ಆದರೆ ಅಂಕ ಅರ್ಧ, ಮನೆತನದ ಹೆಸರು ಅರ್ಧ. ಸಮುದ್ರದಾಚೆಯ ಚಿತ್ರ ನೋಡುವ ಮನೆ ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಹುಡುಗಿ ಯಾವುದಾದರೂ ಸಹಕಾರಿ ತೋಟದಲ್ಲಿ ಕಿತ್ತಳೆ ಕೀಳುತ್ತಾ ಉಳಿಯುತ್ತಿದ್ದಳು.

ಹೈರಿಯೆ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. “ವಂಜೆಲ್, ಸಂಜೆ ಹೊತ್ತು ನಮ್ಮ ಟಿ.ವಿ.ಲಿ ಗೆರೆ ಬರ್ತಿದೆ ಕಣಯ್ಯ. ಓರೆ ಓರೆ. ನಿಮ್ಮಲ್ಲೂ ಬರ್ತದಾ?”

“ಇಲ್ಲ ಕಾಮ್ರೇಡ್,” ಎಂದ ವಂಜೆಲ್. ಅಂದ ಮೇಲೆ, ಇಲ್ಲ ಅಂದಿದ್ದು ಸರಿಯೋ ಹೌದು ಅನ್ನಬೇಕಿತ್ತೋ ತಿಳಿಯಲಿಲ್ಲ. ಅವಳು ಹೂಂ ಎಂದು ಮೇಲೆ ಹತ್ತಿ ಹೋದಳು.

ಆ ಸಂಜೆ ಅವನು ಟಿ.ವಿ. ಹಚ್ಚಿ, ಡಬ್ಬಿಯ ವಿದ್ಯುತ್ತನ್ನೂ ಹಚ್ಚಿ, ತಿರಾನಾದ ಚಾನೆಲ್ ಹಾಕಿ ನೋಡಿದ. ಒಂದು ಗೆರೆಯೂ ಇರಲಿಲ್ಲ. ತಗ್ಗಿಸಿದ, ಹೆಚ್ಚಿಸಿದ, ಕೋಲು ತಿರುಗಿಸಿದ, ಇಲ್ಲ. ಅಂದರೆ ಹೈರಿಯೆಗೆ ಗೆರೆ ಕಂಡಿದ್ದು ನಿಜವಾದರೆ, ಅವಳೂ ಆ ಚಾನೆಲ್ಲನ್ನೇ ನೋಡುತ್ತಿದ್ದಾಳೆ. ಸುಳ್ಳಾದರೆ, ಯಾರೋ ಹೇಳಿಕೊಟ್ಟ ಮಾತನ್ನು ಗಾಳವಾಗಿ ಎಸೆದಿದ್ದಾಳೆ.

ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನಡಿ ಮೂವರೂ ಮಾತಾಡಿದರು. ಇಂಥ ಮಾತಿಗೆ ಆ ಮನೆಯಲ್ಲಿ ನಲ್ಲಿ ತಿರುಗಿಸುವುದು ರೂಢಿ. ಇವತ್ತೇ ಡಬ್ಬಿ ಕಿತ್ತು ಸಮುದ್ರಕ್ಕೆ ಎಸೆಯಬೇಕು ಎಂದು ಕಲಿಯೋಪಿ ಪಟ್ಟುಹಿಡಿದಳು. ವಲ್ಬೋನಾ ಬೇಡ ಅಂದಳು.

“ಈಗ ಕಿತ್ರೆ ಅವಳ ಟಿ.ವಿ. ಸರಿಯಾಗ್ತದೆ. ಇವತ್ತು ಕೇಳಿದ್ಲು, ನಾಳೆ ಸರಿಹೋಯ್ತು ಅಂದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ವಾ ಅಪ್ಪ?”

“ಕೀಳದೆ ಬಿಟ್ರೆ?”

“ಬಿಟ್ರೆ ಸಿಟ್ಟಾಗ್ತಾಳೆ.”

ಕಿತ್ತರೆ ತಪ್ಪೊಪ್ಪಿಕೊಂಡಂತೆ, ಬಿಟ್ಟರೆ ಜಗಳ. ವಂಜೆಲ್ ಆ ವಾರ ಕ್ರೇನಿನ ಮೇಲೆ ನಿಂತು ಒಂದು ತಂತಿಯನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದ. ಬೀದಿಯಲ್ಲಿ ಬಾಲ್ಕನಿಗಳನ್ನು ನೋಡುತ್ತಾ ನಡೆದ. ಹಗಲಿನಲ್ಲಿ ಎಲ್ಲ ಆಂಟೆನಾಗಳೂ ಭಕ್ತರಂತೆ ತಿರಾನಾದ ಕಡೆಗೇ ಮುಖ ಮಾಡಿದ್ದವು. ಕೊನೆಗೆ ಮತ್ತೆ ರೆಫಿಕ್‌ನ ಬಾಗಿಲು ತಟ್ಟಿ ಆ ಮೀನಿನ ಡಬ್ಬಿಯನ್ನೂ ತಂದುಕೊಂಡ. ಮೊದಲೇ ಹೇಳಿದ್ದೆ, ಹುಡುಗಿ ಕೊಡೋವಾಗ ವರನ ಬಾಯಿ ನೋಡ್ಬೇಕು ಅಂತ ಎಂದು ರೆಫಿಕ್ ಹಂಗಿಸಿದ. ವಂಜೆಲ್‌ಗೆ ನಗು ಬರಲಿಲ್ಲ.

ಬುಧವಾರ ಸಂಜೆ ಹೈರಿಯೆಯ ಗಂಡ ಸಾಬ್ರಿ ಕೆಳಗಿಳಿದು ಬಂದ. ಅವಳು ಕರೆಯುತ್ತಿದ್ದಾಳೆ, ನೀನು ಎಲೆಕ್ಟ್ರಿಷಿಯನ್ ಅಲ್ವಾ, ನಮ್ಮ ಟಿ.ವಿ. ಸ್ವಲ್ಪ ನೋಡು ಎಂದ. ಕಲಿಯೋಪಿ ಆಗತಾನೇ ಟಿ.ವಿ. ಹಚ್ಚಿ ಕೂತಿದ್ದಳು. ಎದ್ದು ಆರಿಸಲು ಹೋದವಳು, ಸಾಬ್ರಿ ನೋಡುತ್ತಿದ್ದಾನೆಂದು ಅಲ್ಲೇ ಕೂತಳು. ವಂಜೆಲ್ ಸಾಮಾನಿನ ಚೀಲ ಹಿಡಿದು ಮೇಲೆ ಹೋದ. ಚೀಲದ ತಳದಲ್ಲಿ ಮೀನಿನ ಡಬ್ಬಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಮೊದಲು ಸಣ್ಣ ಲೋಟದಲ್ಲಿ ರಾಕಿ ಸಾರಾಯಿ ಬಂತು, ಆಮೇಲೆ ಕಾಫಿ. ಕಾಫಿ ಕುಡಿಸಿದ ಮೇಲೆ ಆ ಮನೆಯವರು ಅತಿಥಿಯ ಮೇಲೆ ಕೈ ಮಾಡಬಾರದು ಎಂಬುದು ಅಜ್ಜಂದಿರ ಕಾಲದ ಮಾತು. ಸಮಿತಿಗೆ ಆ ಮಾತು ಅನ್ವಯಿಸುತ್ತದೋ ಇಲ್ಲವೋ. ವಂಜೆಲ್ ಬಟ್ಟಲನ್ನು ತಳದ ಗಸಿ ಕಾಣುವವರೆಗೆ ಕುಡಿದು ಟಿ.ವಿ.ಯ ಮುಂದೆ ಕೂತ. ಗುಂಡಿ ತಿರುಗಿಸಿದ. ತಿರಾನಾದ ಚಾನೆಲ್‌ನಲ್ಲಿ ಕಟಾವಿನ ಸುದ್ದಿ ಬರುತ್ತಿತ್ತು. ಚಿತ್ರ ಕನ್ನಡಿಯಂತಿತ್ತು.

“ಚೆನ್ನಾಗೇ ಇದೆಯಲ್ಲ ಕಾಮ್ರೇಡ್.”

ಹೈರಿಯೆ ಕಿಟಕಿಯ ಪರದೆ ಎಳೆದಳು. “ಅಲ್ಲಿ ಅಲ್ಲ,” ಅಂದಳು.

ಸಾಬ್ರಿ ಗೋಡೆಯ ಕಡೆ ನೋಡುತ್ತಾ ಸಿಗರೇಟು ಹಚ್ಚಿದ. ವಂಜೆಲ್ ಗುಂಡಿಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ, ತಿರುಗಿಸಲೂ ಇಲ್ಲ. ಎಲ್ಲಿ ತಿರುಗಿಸಬೇಕು ಎಂದು ಗೊತ್ತಿರುವುದನ್ನು ತೋರಿಸಿಕೊಂಡರೆ ಅದೇ ಸಾಕ್ಷಿ. ಹೈರಿಯೆ ಬಂದು, ಅವನ ಕೈ ಸರಿಸಿ, ತಾನೇ ತಿರುಗಿಸಿದಳು. ಅದೇ ಹಾಡಿನ ಕಾರ್ಯಕ್ರಮ. ಹಿಮದ ನಡುವೆ ಹಾಡುವವಳ ಮುಖ, ಮುಖದ ಮೇಲೆ ದಪ್ಪ ದಪ್ಪ ಓರೆ ಗೆರೆಗಳು. ಅದೇ ಹಾಡು ಕೆಳಗಿನ ಮನೆಯಿಂದ ನೆಲದ ಮೂಲಕ ಸಣ್ಣಗೆ ಕೇಳುತ್ತಿತ್ತು. ಮೂವರಿಗೂ ಕೇಳಿಸಿತು.

ಇಕ್ಕಳ ಮರೆತುಬಂದೆ ಎಂದು ಹೇಳಿ ವಂಜೆಲ್ ಕೆಳಗಿಳಿದ. ಇಕ್ಕಳ ಚೀಲದಲ್ಲೇ ಇತ್ತು. ಬಾಲ್ಕನಿಗೆ ಹೋಗಿ ಬಿಯರ್ ಡಬ್ಬಿಯ ತಂತಿಗಳನ್ನು ಬಿಚ್ಚಿ ಅದನ್ನು ಜೇಬಿಗಿಳಿಸಿದ, ಅದಿನ್ನೂ ಬೆಚ್ಚಗಿತ್ತು. ಒಳಗೆ ಕಲಿಯೋಪಿಯ ಪರದೆ ಬೆಳ್ಳಗಾಯಿತು. ಅವಳು ಅವನ ಮುಖ ನೋಡಿ ಟಿ.ವಿ. ಆರಿಸಿದಳು.

ಅವನು ಮೇಲೆ ಬರುವಷ್ಟರಲ್ಲಿ ಅಲ್ಲಿ ಹಿಮ ಮಾತ್ರ ಉಳಿದಿತ್ತು.

“ಗೆರೆ ಹೋಯ್ತು,” ಎಂದಳು ಹೈರಿಯೆ. ಹೇಗೆ ಎಂದು ಕೇಳಲಿಲ್ಲ. “ಇನ್ನು ಹಿಮದ್ದು ನೋಡು.”

ಅವರ ಬಾಲ್ಕನಿಯಲ್ಲಿ, ಜೆರೇನಿಯಂ ಕುಂಡಗಳ ಹಿಂದೆ, ಎಣ್ಣೆಬಟ್ಟೆ ಸುತ್ತಿದ ಡಬ್ಬಿಯೊಂದು ಸಿಕ್ಕಿತು. ಉಪ್ಪುಗಾಳಿಗೆ ಒಳಗಿನ ಬೆಸುಗೆ ಹಸಿರುಗಟ್ಟಿತ್ತು. ಇದು ಸತ್ತುಹೋಗಿದೆ ಎಂದು ವಂಜೆಲ್ ಬಟ್ಟೆ ಬಿಚ್ಚಿ ಮೀನಿನ ಡಬ್ಬಿಯನ್ನು ಮುಂದಿಟ್ಟ. ಇದು ಮೆತ್ತಗಿದೆ, ತಂಟೆ ಮಾಡುವುದಿಲ್ಲ, ನಿಮಗೆ ಇದೇ ಸರಿ ಎಂದು ವಿವರಿಸಿದ. ಹೈರಿಯೆಯ ಕಣ್ಣು ಅವನ ಉಬ್ಬಿದ ಜೇಬಿನ ಮೇಲಿತ್ತು.

“ಅದೇನು?”

ಬಿಯರ್ ಡಬ್ಬಿಯನ್ನೂ ತೆಗೆದಿಡಬೇಕಾಯಿತು.

“ನಿಮ್ಮನೇಲಿ ಇದ್ದಿದ್ದು ಯಾವುದು?”

ಅವನು ಮೀನಿನ ಡಬ್ಬಿಯನ್ನು ಅವಳತ್ತ ಸರಿಸಿದ. ಅವಳು ಬಿಯರ್ ಡಬ್ಬಿಯನ್ನು ಎತ್ತಿಕೊಂಡಳು. “ಒಳ್ಳೇದು ಇದೇ ಇರ್ಬೇಕು. ಇದನ್ನೇ ಹಾಕು.”

“ಇದು ಗದ್ದಲದ್ದು, ಹೈರಿಯೆ ಅಕ್ಕ,” ಎಂದ ವಂಜೆಲ್. ಕಾಮ್ರೇಡ್ ಎಂಬುದು ಅಷ್ಟರಲ್ಲಿ ಎಲ್ಲೋ ಬಿದ್ದುಹೋಗಿತ್ತು. “ಬೇರೆಯವರ ಮನೇಲಿ ಗೆರೆ ಬೀಳ್ತದೆ.”

“ಯಾರ ಮನೇಲಿ?”

ಅವನು ಈ ಚಾನೆಲ್ ನೋಡುವವರ ಮನೆಯಲ್ಲಿ ಎನ್ನಬೇಕು. ಹಾಗೆಂದರೆ ಹೆಸರು ಹೇಳಬೇಕು, ಮೊದಲ ಹೆಸರು ತನ್ನದೇ.

“ಹೇಳಪ್ಪ. ಯಾರ ಮನೇಲಿ ಗೆರೆ ಬೀಳ್ತದೋ ಅವರ ಹೆಸರು ಹೇಳು, ಶುಕ್ರವಾರ ನಾನೇ ಸಮಿತೀಲಿ ಕೇಳ್ತೀನಿ.”

ಸಾಬ್ರಿಗೆ ಹೊಗೆ ನೆತ್ತಿಗೇರಿ ಕೆಮ್ಮು ಬಂತು. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ವಂಜೆಲ್ ಬೆಸುಗೆಕೋಲು ಕಾಯಿಸಿ ಬಾಯಿಬಡುಕ ಡಬ್ಬಿಯನ್ನು ಅಧ್ಯಕ್ಷೆಯ ಆಂಟೆನಾದ ಬುಡಕ್ಕೆ ಕಟ್ಟಿದ. ಪರದೆಯ ಮೇಲೆ ಹಾಡುವವಳ ಓಲೆ ಹೊಳೆಯಿತು.

ಶುಕ್ರವಾರದ ಸಭೆಗೆ ತಂದೆತಾಯಿ ಹೋಗುವಂತಿಲ್ಲ. ಅಲ್ಲಿ ನಡೆದದ್ದನ್ನು ಸದಸ್ಯರಾಗಿದ್ದ ಬ್ರೆಡ್ಡಿನ ಅಂಗಡಿಯವಳು ಮರುದಿನ ಸಾಲಿನಲ್ಲಿ ನಿಂತಿದ್ದ ಕಲಿಯೋಪಿಯ ಕಿವಿಗೆ ಹಾಕಿದಳು. ವಲ್ಬೋನಾಳ ಹೆಸರು ಬಂದಾಗ ಯಾರೋ ಒಬ್ಬ, ಅವರ ಆಂಟೆನಾ ಸಂಜೆ ಎತ್ತ ತಿರುಗ್ತದೆ ಅಂತ ಯಾರಾದ್ರೂ ನೋಡಿದ್ದೀರಾ ಎಂದು ಕೇಳಿದನಂತೆ. ಅವರ ಮನೆ ಮೇಲೆ ಇರೋಳು ನಾನು, ನಾನು ನೋಡಿದ್ದೀನಿ ಎಂದು ಹೈರಿಯೆ ಅಂದಳಂತೆ. ಅಲ್ಲಿಗೆ ಮಾತು ಮುಗಿದು ಒಳ್ಳೆಯ ಅಭಿಪ್ರಾಯ ಜಿಲ್ಲೆಗೆ ಹೋಯಿತು. ಜಿಲ್ಲೆಯ ತೀರ್ಮಾನ ಆಗಸ್ಟಿನ ಕೊನೆಗೆ. ಅಲ್ಲಿಯವರೆಗೆ ಯಾರು ಬೇಕಾದರೂ ಏನು ಬೇಕಾದರೂ ಬರೆದು ಕಳಿಸಬಹುದಿತ್ತು.

ವಂಜೆಲ್‌ನ ಬಾಲ್ಕನಿಗೆ ಮೀನಿನ ಡಬ್ಬಿ ಬಂತು. ಪರದೆಯ ಮೇಲೆ ಗೆರೆಗಳೂ ಬಂದವು. ಶನಿವಾರ ಬಂದ ಹೆಂಡತಿಯ ತಮ್ಮ, ಹಿಮ ಕರಗಿತಲ್ಲ ಭಾವ, ಈಗ ಜೈಲಿನ ಕಂಬಿ ಹಾಕಿಸ್ಕೊಂಡ್ರಾ ಎಂದ. ಈ ಸಲ ವಂಜೆಲ್ ಸಿಟ್ಟಾಗಲಿಲ್ಲ. ಕಟ್ಟಡದಲ್ಲಿ ಇನ್ನೂ ಎಷ್ಟು ಮನೆಗಳಲ್ಲಿ ಗೆರೆ ಬೀಳುತ್ತಿತ್ತೋ, ಯಾರೂ ಯಾರನ್ನೂ ಕೇಳಲಿಲ್ಲ. ಅವನಿಗೆ ಗೆರೆ ಅಭ್ಯಾಸವಾಯಿತು. ಸಂಜೆ ಟಿ.ವಿ. ಹಚ್ಚಿದರೆ ಮೊದಲು ಕಣ್ಣು ಹುಡುಕುವುದು ಅದನ್ನೇ. ಗೆರೆ ಇದೆ ಅಂದರೆ ಮೇಲಿನ ಡಬ್ಬಿ ಹಚ್ಚಿದೆ. ಮೇಲಿನ ಡಬ್ಬಿ ಹಚ್ಚಿದೆ ಅಂದರೆ ಅವಳೂ ಇದನ್ನೇ ನೋಡುತ್ತಿದ್ದಾಳೆ.

ಜುಲೈನ ಒಂದು ಸಂಜೆ ಚಿತ್ರ ಒಂದೂ ಗೆರೆಯಿಲ್ಲದೆ ತಿಳಿಯಾಗಿ ಬಂತು. ಕಲಿಯೋಪಿ ಹಿಗ್ಗಿದಳು, ನೋಡು ನೋಡು ಎಂದು ಮಗಳನ್ನು ಕರೆದಳು. ವಂಜೆಲ್ ಎದ್ದು ನಿಂತ. ಬಾಲ್ಕನಿಗೆ ಹೋಗಿ ಬೀದಿಯಲ್ಲಿ ಅಪರಿಚಿತ ಕಾರು ಇದೆಯೇ ನೋಡಿದ. ಇರಲಿಲ್ಲ. ಬಾಗಿಲು ತೆರೆದು ಮೆಟ್ಟಿಲ ಬಳಿ ನಿಂತ. ಮೇಲಿನ ಮನೆಯಿಂದ ಮಾತಿನ ಸದ್ದಿಲ್ಲ, ಹಾಡಿನ ಸದ್ದಿಲ್ಲ.

“ಬಂದು ಕೂತ್ಕೊ, ಎಷ್ಟು ಚೆನ್ನಾಗಿ ಬರ್ತಿದೆ,” ಎಂದಳು ಕಲಿಯೋಪಿ.

ಅವನು ಕೂರಲಿಲ್ಲ. ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು. ಮೇಲೆ ಯಾರೋ ಚಪ್ಪಲಿ ಎಳೆದುಕೊಂಡು ನಡೆದರು, ಬಾಲ್ಕನಿಯ ಬಾಗಿಲು ಕಿರ್ರೆಂದಿತು, ಕೋಲು ತಿರುಗಿದ ಸದ್ದು ಕೇಳಿತು. ಪರದೆಯ ಮೇಲೆ ಒಂದು ಗೆರೆ ಓರೆಯಾಗಿ ಹಾದುಹೋಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಹಾಡುವವಳ ಮುಖ ಪೂರ್ತಿ ಗೆರೆಯಾಯಿತು. ಕಲಿಯೋಪಿ ಥೂ ಎಂದಳು.

ವಂಜೆಲ್ ಬಾಗಿಲು ಮುಚ್ಚಿ ಬಂದು ಕೂತ.